ನನ್ನನ್ನು ದೇವರಿಗೆ ಬಿಡಲು ಹೊರಟವರು

ನನ್ನಣ್ಣ ಹಂಪಿಯಲ್ಲಿ ಆಟೋ ಓಡಿಸುತ್ತಾನೆ. ಒಂದು ಮಧ್ಯಾಹ್ನ ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ನಮ್ಮ ಮನೆಗೆ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತ ತನ್ನಷ್ಟಕ್ಕೆ ತಾನೇ ನಗತೊಡಗಿದ. ಮೂರು ದಿನದಿಂದ ಇಬ್ಬರು ವಿದೇಶಿ ಗಂಡಸರು ಅವನ ಆಟೋದಲ್ಲಿ ತಿರುಗಾಡುತ್ತಿದ್ದರಂತೆ. ಇಬ್ಬರಿಗೂ ಅರವತ್ತರ ಹತ್ತಿರ.

"ಒಬ್ಬರಿಗೊಬ್ರು ಮದಿವಿನ ಆಗ್ಯಾರಂತಬೇ ಅವರು. ಒಬ್ಬಂಗ ಮೊಣಕಾಲು ನೋವು. ಮೆಟ್ಟಿಲು ಬಂದ್ರ ಸಾಕು, ಇನ್ನೊಬ್ಬ ಕೈ ಹಿಡಕೊಂಡು ಹತ್ತಸ್ತಾನ. ನಮ್ಮ ಮಂದಿ ಹೆಂಡ್ತೀನೂ ಹಂಗ ನೋಡ್ಕೊಳ್ಳೂದಿಲ್ಲ. ಭಾಳ ಒಳ್ಳೆ ಮಂದಿ."

ಮೊಬೈಲಿನಲ್ಲಿ ಫೋಟೋ ತೋರಿಸಿದ. ಇಬ್ಬರ ನಡುವೆ ಅಣ್ಣ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಅವರವರ ಮನಸ್ಸು. ಚಂದಾಗಿದ್ರ ಸಾಕು," ಅಂದಳು.

ಬೆಳಗಿನ ಶಿಫ್ಟ್ ಮುಗಿಸಿ ಬಂದು ಗೋಡೆಗೆ ಒರಗಿ ಕುಳಿತಿದ್ದ ನಾನು ಮೊಬೈಲು ಇಸಿದುಕೊಂಡು ಆ ಫೋಟೋವನ್ನು ಮತ್ತೊಮ್ಮೆ ನೋಡಿದೆ. ಆಗ ನನಗೆ ಮೂವತ್ತೆರಡು. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಆರು ವರ್ಷದಿಂದ ಕಂಪ್ಲಿಯ ಒಬ್ಬನ ಜೊತೆಗಿದ್ದೆ. ಅವನು ಭತ್ತ ಕೊಯ್ಯುವ ಮಷಿನ್ ರಿಪೇರಿ ಮಾಡುತ್ತಾನೆ. ಮನೆಯವರ ಪಾಲಿಗೆ ಅವನು ನನ್ನ ದೋಸ್ತ್. ಹಬ್ಬಕ್ಕೆ ಬಂದರೆ ಅವ್ವ ಎರಡು ಹೋಳಿಗೆ ಹೆಚ್ಚಿಗೇ ಹಾಕುತ್ತಿದ್ದಳು.

ಭಾನುವಾರ ಕಂಪ್ಲಿಯಲ್ಲಿ ಅವನ ರಿಪೇರಿ ಶೆಡ್ಡಿನ ಹಿಂಭಾಗದಲ್ಲಿ ನಮ್ಮಂಥವರು ಐದು ಮಂದಿ ಸೇರುತ್ತಿದ್ದೆವು. ದೋಣಿಮಲೈ ಕ್ವಾರ್ಟರ್ಸಿನಿಂದ ಒಬ್ಬ ಬರುತ್ತಿದ್ದ. ಸಂಡೂರಿನ ಒಬ್ಬ ಮೇಷ್ಟ್ರು, ಹೆಂಡತಿ ಮಕ್ಕಳಿದ್ದವರು. ಹೊಸಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಇನ್ನೊಬ್ಬ. ಮಂಡಕ್ಕಿ, ಮಿರ್ಚಿ, ಚಹಾ. ಮೇಷ್ಟ್ರು ತಮಾಷೆ ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ವಾರದ ಆರು ದಿನ ಬಿಗಿಹಿಡಿದ ಮೈ ಅಲ್ಲಿ ಸಡಿಲವಾಗುತ್ತಿತ್ತು. ಬಾಗಿಲಿಗೆ ಚಿಲಕ ಮಾತ್ರ ತಪ್ಪದೆ ಹಾಕಿರುತ್ತಿದ್ದೆವು. ಜಗತ್ತಿನಲ್ಲಿ ನಮಗೆ ಇದ್ದ ಜಾಗ ಅಷ್ಟೇ, ಚಿಲಕ ಹಾಕಿದ ಒಂದು ತಗಡಿನ ಶೆಡ್ಡು.

ಅಣ್ಣ ಫೋಟೋ ತೋರಿಸಿದ ಮರುವಾರ ಸಂಡೂರಿನ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗಿ ನೋಡಲು ಹೋಗುವ ದಿನ ಗೊತ್ತು ಮಾಡಿದರು. ಅವ್ವ ಆಡಿದ "ಅವರವರ ಮನಸ್ಸು" ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಬಾಯಿ ಬಿಟ್ಟೆ.

"ನನಗ ಹುಡುಗಿ ಬ್ಯಾಡಣ್ಣ. ನಿನ್ನ ಆಟೋದಾಗ ಬಂದಿದ್ರಲ್ಲ ಆ ಇಬ್ರು, ನಾನೂ ಹಂಗ. ಕಂಪ್ಲಿಯಾಂವ ನನ್ನ ದೋಸ್ತ್ ಅಲ್ಲ."

ಅಣ್ಣ ಮೊದಲು ನಕ್ಕ. ನಾನು ನಗದಿದ್ದುದನ್ನು ನೋಡಿ ಎದ್ದು ಬಂದು ಕೆನ್ನೆಗೆ ಹೊಡೆದ.

"ಅವರು ಹೊರಗಿನವ್ರಲೇ! ಬರ್ತಾರ, ನೋಡ್ತಾರ, ಹೋಗ್ತಾರ. ನೀ ನಮ್ಮ ಮನ್ಯಾಂವ!"

ಆ ಮಾತನ್ನು ಇವತ್ತಿಗೂ ನನಗೆ ನುಂಗಲು ಆಗಿಲ್ಲ. ಗುರುತಿಲ್ಲದವರ ಪ್ರೀತಿ ಅವನ ಕಣ್ಣಿಗೆ ಚಂದ ಕಂಡಿತ್ತು. ಒಂದೇ ತಾಟಿನಲ್ಲಿ ಉಂಡ ತಮ್ಮನದು ಹೇಸಿಗೆ. ಅವನಿಗೆ ತಿಳಿವಳಿಕೆ ಇಲ್ಲ ಅಂತ ಹೇಳಿ ಕ್ಷಮಿಸಲು ಎಷ್ಟೋ ಮಂದಿ ನನಗೆ ಬುದ್ಧಿ ಹೇಳಿದ್ದಾರೆ. ತಿಳಿವಳಿಕೆ ಇತ್ತು. ಮೊಣಕಾಲು ನೋವಿನ ಗಂಡನ ಕೈ ಹಿಡಿದು ಮೆಟ್ಟಿಲು ಹತ್ತಿಸುವುದು ಪ್ರೀತಿ ಅಂತ ನನಗಿಂತ ಮೊದಲು ಹೇಳಿದವನು ಅವನೇ.

ಹದಿನೈದು ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಮಂಗಳವಾರ ಅವ್ವ, "ಹುಲಿಗಿ ತಾಯಿ ಗುಡಿಗೆ ಹೋಗೂಣು ಬಾ, ಹರಕಿ ಐತಿ," ಅಂದಳು. ದನಿ ಮೆತ್ತಗಿತ್ತು. ಖುಷಿಯಿಂದಲೇ ಅಣ್ಣನ ಆಟೋ ಹತ್ತಿದೆ. ಹೊಳೆ ದಾಟುವಾಗ ಅವ್ವನ ಕಾಲ ಹತ್ತಿರವಿದ್ದ ಚೀಲ ವಾಲಿತು. ಎತ್ತಿಡಲು ಹೋದರೆ ಒಳಗೆ ಹಸಿರು ಸೀರೆ, ಹಸಿರು ಬಳೆ. ಬಳೆಗಳು ಅವ್ವನ ಕೈಯವಲ್ಲ. ನನ್ನ ಕೈಗೆ ಆಗುವಷ್ಟು ದೊಡ್ಡವು.

ಆಟೋ ಗುಡಿಗೆ ಹೋಗಲಿಲ್ಲ. ಓಣಿಯೊಂದರಲ್ಲಿ ಒಬ್ಬ ಜೋಗಮ್ಮನ ಮನೆ ಮುಂದೆ ನಿಂತಿತು. ಗಂಡಾಗಿ ಹುಟ್ಟಿ, ಕೊರಳಿಗೆ ದೇವಿಯ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬಾಳುವ ಜೋಗಮ್ಮಂದಿರಿಗೆ ನಮ್ಮ ಕಡೆ ಮಂದಿ ಕಾಲಿಗೆ ಬಿದ್ದು ನಮಸ್ಕರಿಸುತ್ತಾರೆ. ಮನೆಯವರ ಲೆಕ್ಕಾಚಾರ ಅಲ್ಲೇ ತಿಳಿಯಿತು. ಗಂಡಸನ್ನು ಪ್ರೀತಿಸುವ ಮಗ ಅಂದರೆ ಮಾನ ಹೋಗುತ್ತದೆ. ದೇವರಿಗೆ ಬಿಟ್ಟ ಮಗ ಅಂದರೆ ಮಂದಿ ಕೈ ಮುಗಿಯುತ್ತಾರೆ.

ಜೋಗಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. "ಕುಂದ್ರಿ," ಅಂದಳು. ಅವ್ವ ಚೀಲ ಬಿಚ್ಚಿದಳು.

"ಯಾರ್ದಬೇ ಸೀರಿ?"

"ಇವಂದ್ರಿ. ತಾಯಿ ಇವನ ಮೈಮ್ಯಾಲ ಬಂದಾಳ. ಮದಿವಿ ಬ್ಯಾಡ ಅಂತಾನ. ಮುತ್ತು ಕಟ್ಟಿ ನಿಮ್ಮಾಗ ಸೇರಿಸ್ಕೊಳ್ರಿ."

ಜೋಗಮ್ಮ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ನಿನಗ ಸೀರಿ ಉಡಬೇಕು ಅನ್ನಿಸ್ತೈತೇನಪ್ಪ?"

"ಇಲ್ರಿ."

"ಎಂದಾದ್ರೂ ಅನ್ನಿಸಿತ್ತೇನು? ಸಣ್ಣಾಂವ ಇದ್ದಾಗ?"

"ಇಲ್ರಿ. ನಾ ಗಂಡಸು. ಇನ್ನೊಬ್ಬ ಗಂಡಸಿನ ಕೂಡ ಅದೀನಿ. ಅಷ್ಟರಿ."

ಅವಳು ಅವ್ವನ ಕಡೆ ತಿರುಗಿದಳು. ದನಿ ಏರಲಿಲ್ಲ, ಆದರೆ ಒಂದೊಂದು ಮಾತೂ ಕಲ್ಲು ಇಟ್ಟಂತಿತ್ತು.

"ಹದಿನಾಲ್ಕರಾಗ ನನಗ ಸೀರಿ ಬೇಕಂತ ಜೀವ ಕುದೀತಿತ್ತವ್ವ. ನಮ್ಮಪ್ಪ ಎಮ್ಮಿ ಕಟ್ಟೋ ಗೂಟಕ್ಕ ನನ್ನ ಕಟ್ಟಿ ಹೊಡದ. ಬೇಕು ಅಂದಾಕಿಗೆ ಕೊಡಲಿಲ್ಲ. ಬ್ಯಾಡ ಅನ್ನಾಂವಗ ಉಡಸಾಕ ಬಂದೀರಿ. ನಿಮಗ ತಾಯಿ ಬೇಕಾಗಿಲ್ಲ. ಮಂದಿಗೆ ಹೇಳಾಕ ಒಂದು ನೆವ ಬೇಕಾಗೈತಿ."

ಅಣ್ಣ ತಲೆ ಕೆರೆದುಕೊಂಡ. "ಹಂಗಾರ ಇವನ್ನ ಏನ್ ಮಾಡೂದ್ರಿ?"

"ಏನ್ ಮಾಡ್ತೀಯಪ್ಪಾ? ಹೊತ್ತಾತು, ಊಟಕ್ಕ ಕರಕೊಂಡು ಹೋಗು."

ಹೊರಡುವಾಗ ಅಣ್ಣ ಅವಳ ಕಾಲಿಗೆ ಬಿದ್ದ. ಆಟೋ ಓಣಿ ದಾಟಿತೋ ಇಲ್ಲವೋ, "ಆಕಿಗೆ ಶಕ್ತಿ ಇಲ್ಲ ಅನ್ನಿಸ್ತೈತಿ. ಬ್ಯಾರೆದವ್ರ ಹತ್ರ ಹೋಗೂಣು," ಅಂದ. ಅವ್ವ ಹೂಂಗುಟ್ಟಿದಳು. ಕೆನ್ನೆಗೆ ಹೊಡೆದಾಗ ಬರದ ಸಿಟ್ಟು ಆಗ ಬಂತು. ನಾನು ಆಡಿದ್ದನ್ನು ಇವರು ಕೇಳಲಿಲ್ಲ, ಸರಿ. ತಾವೇ ಕೈ ಮುಗಿದವಳ ಮಾತನ್ನೂ ಕೇಳಲಿಲ್ಲ. "ನಿಲ್ಲಸಲೇ ಆಟೋ!" ಅಂತ ಕಿರುಚಿದೆ. ಅಣ್ಣನಿಗೆ ಲೇ ಅಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಇಳಿದು ನಡೆದೆ. ಹಿಂದೆ ಅವ್ವ ಕೂಗುತ್ತಿದ್ದಳು. ತಿರುಗಿ ನೋಡಲಿಲ್ಲ.

ಬಸ್ ಹಿಡಿದು ಹೊಸಪೇಟೆಗೆ ಬಂದು, ಅಲ್ಲಿಂದ ಕಂಪ್ಲಿಗೆ ಹೋದೆ. ಅವನು ಮಷಿನಿನ ಕೆಳಗಿನಿಂದ ಮೈಯೆಲ್ಲ ಗ್ರೀಸು ಮಾಡಿಕೊಂಡು ಎದ್ದು ಬಂದು, ಎಲ್ಲವನ್ನೂ ಕೇಳಿ, ಕೈ ತೊಳೆದುಕೊಂಡ. "ಬಟ್ಟಿ ತಂದೀಯೇನು?" ಅಂದ. "ಇಲ್ಲ." "ನನ್ನವು ಅದಾವ. ಇಲ್ಲೇ ಇರು."

ಆ ಭಾನುವಾರ ಶೆಡ್ಡಿಗೆ ಬಂದವರು ಮೇಷ್ಟ್ರು ಒಬ್ಬರೇ. ನಾನು ಮನೆಯಲ್ಲಿ ಹೇಳಿದ್ದು ಉಳಿದವರಿಗೆ ಗೊತ್ತಾಗಿತ್ತು. ಮೇಷ್ಟ್ರು ಕುಳಿತುಕೊಳ್ಳಲೂ ಇಲ್ಲ.

"ನಿನಗ ಧೈರ್ಯ ಐತಿ, ಒಪ್ಪಿದೆ. ಆದ್ರ ನಾಳೆ ನಿಮ್ಮಣ್ಣ ಕೇಳಿದ್ರ ನಮ್ಮ ಹೆಸರೂ ಬರ್ತಾವಲ್ಲ? ನಿನ್ನ ಸತ್ಯದಾಗ ನಮ್ಮನ್ಯಾಕ ಮುಳಗಸ್ತಿ?"

ಅವರ ಮೇಲೂ ಸಿಟ್ಟು ಬಂತು. ಆದರೆ ಅವರು ಚಿಲಕ ಬಿದ್ದಿದೆಯೋ ಅಂತ ಎರಡೆರಡು ಸಲ ಮುಟ್ಟಿ ನೋಡಿದ್ದನ್ನು ಕಂಡ ಮೇಲೆ ಅದು ಅವರ ಮೇಲೆ ನಿಲ್ಲಲಿಲ್ಲ. ಅಷ್ಟು ಓದಿದ, ಅಷ್ಟು ನಗಿಸುವ ಮನುಷ್ಯನನ್ನು ಇಷ್ಟು ಹೆದರಿಸಿದವರು ಯಾರು? ಯಾವ ಗೂಂಡಾನೂ ಅಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕುಳಿತು ಉಪ್ಪಿನಕಾಯಿ ಬಡಿಸಿಕೊಳ್ಳುವ ಮಂದಿಯೇ. ನಮ್ಮ ಭಾನುವಾರಗಳು ಅಲ್ಲಿಗೆ ಮುಗಿದವು. ಆಮೇಲೆ ಒಮ್ಮೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಕಂಡರು. ಹೆಂಡತಿ ಜೊತೆಗಿದ್ದರು. ನಾನೇ ಮುಖ ತಿರುಗಿಸಿಕೊಂಡು ಅವರಿಗೆ ಆ ಕೆಲಸ ತಪ್ಪಿಸಿದೆ.

ನಾವಿಬ್ಬರೂ ನನ್ನ ಕಾರ್ಖಾನೆ ಹತ್ತಿರದ ಕುರೆಕುಪ್ಪದಲ್ಲಿ ಬಾಡಿಗೆ ಮನೆ ಹಿಡಿದೆವು. ಶೆಡ್ಡು ಮುಚ್ಚಿ ಅವನೂ ಇಲ್ಲಿಯ ವರ್ಕ್‌ಶಾಪ್ ಸೇರಿದ. ಕಾರ್ಖಾನೆ ಊರು. ಮನೆ ಮನೆಗೂ ಬಾಡಿಗೆಗಿದ್ದ ನಾಲ್ಕು ಗಂಡಸರು. ಮಾಲೀಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಬ್ಬರಿಗೊಬ್ಬರು ಏನೂ ಅಲ್ಲ ಅಂತ ಮಂದಿ ಅಂದುಕೊಂಡರೆ ನಮಗೆ ಎಲ್ಲಿ ಬೇಕಾದರೂ ಮನೆ ಸಿಗುತ್ತದೆ.

ಎರಡು ವರ್ಷದ ಮೇಲೆ ಅಣ್ಣ ಚಿತ್ತವಾಡ್ಗಿಯಲ್ಲೇ ಹೊಸ ಮನೆ ಕಟ್ಟಿದ. ಫೋನ್ ಮಾಡಿದ. "ವೈರಿಂಗ್ ನೀನ ಮಾಡಬೇಕು. ಬ್ಯಾರೆದವ್ರ ಮ್ಯಾಲ ನಂಬಿಕಿಲ್ಲ."

"ಗೃಹಪ್ರವೇಶಕ್ಕ ಇಬ್ರೂ ಬರ್ತೀವಿ."

"ಅದ ಬ್ಯಾಡ. ಬೀಗರು ಇರ್ತಾರ. ನೀ ಹಿಂದಿನ ವಾರ ಬಂದು ಕೆಲಸ ಮುಗಿಸು, ಊಟ ಮಾಡಿ ಹೋಗು."

ಫೋನ್ ಇಟ್ಟೆ. ಎಲೆಕ್ಟ್ರಿಷಿಯನ್ನನ ಕೈ ಬೇಕು, ತಮ್ಮನ ಮುಖ ಬೇಡ. ಹೋಗಲಿಲ್ಲ.

ಗೃಹಪ್ರವೇಶವಾಗಿ ಮೂರು ವಾರದ ಮೇಲೆ ಅವ್ವ ಒಬ್ಬಳೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಮನೆಯಲ್ಲಿ ಒಂದೇ ಮಂಚ ಇರುವುದನ್ನು ನೋಡಿದಳು. ಅವನು ಬಡಿಸಿದ್ದನ್ನು ಉಂಡಳು. "ತೆಳ್ಳಗಾಗೀಯಪ್ಪಾ," ಅಂದಳು ಅವನಿಗೆ. ಅವನ ಕಣ್ಣು ತುಂಬಿದವು. ನನಗೆ ಸಿಟ್ಟೇ ಬಂತು, ಇಷ್ಟಕ್ಕೆ ಅವನು ಅಳಬೇಕಾಯಿತಲ್ಲ ಅಂತ.

ಬಸ್ ಹತ್ತಿಸಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. "ದೀಪಾವಳಿಗೆ ಬಾರಪ್ಪ. ನೀ ಒಬ್ಬನ ಬಾ."

"ಇಬ್ರೂ ಬರ್ತೀವಿ. ಇಲ್ಲಾಂದ್ರ ಬರೂದಿಲ್ಲ."

"ನಾ ಏನ್ ಮಾಡಲಿ? ನಿಮ್ಮಣ್ಣ ಕೇಳೂದಿಲ್ಲ."

"ಮನಿ ಅವನದೊಬ್ಬಂದ ಏನವ್ವ?"

ಬಸ್ ಬಂತು, ಹತ್ತಿ ಹೋದಳು.

ಅವಳು ಇಷ್ಟಾದರೂ ಬಂದಳಲ್ಲ, ಅಷ್ಟಕ್ಕೆ ಖುಷಿಪಡು ಅನ್ನುತ್ತಾನೆ ನನ್ನ ಕಂಪ್ಲಿಯವನು. ಈ 'ಇಷ್ಟಾದರೂ' ಅನ್ನುವ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದೇನೆ. ನನ್ನ ಮನೆಯಲ್ಲಿ ಅವಳು ಒಂದು ತುತ್ತು ಉಂಡದ್ದಕ್ಕೆ ನಾನು ಋಣಿಯಾಗಿರಬೇಕೆ? ಆ ದೀಪಾವಳಿಗೆ ನಾವು ಹೋಗಲಿಲ್ಲ, ಅವರೂ ನಮ್ಮಿಬ್ಬರನ್ನು ಕರೆಯಲಿಲ್ಲ. ಅವನು ಕುರೆಕುಪ್ಪದ ಮನೆಯ ಮೆಟ್ಟಿಲಿಗೆಲ್ಲ ಹಣತೆ ಇಟ್ಟ. ನಾನು ಎಣ್ಣೆ ಹಾಕಿದೆ. ಸಿಟ್ಟು ಹಾಗೇ ಇತ್ತು, ಈಗಲೂ ಇದೆ. ಬಿಡು ಅನ್ನುವವರಿದ್ದಾರೆ. ನಾನು ಬಿಡುವುದಿಲ್ಲ.