ಪ್ಲೈವುಡ್ಡಿಗೆ ಅಂಟಿಸಿದ ಕವಿ

ಫಳ್ನೀರಿನ ತಿರುವಿನಲ್ಲಿ ಅವನ ಮುಖ ತೂಗುತ್ತಿತ್ತು. ಬ್ಯಾನರಿನವರು ಗಡ್ಡ ನಯ ಮಾಡಿದ್ದರು, ಕೆನ್ನೆಗೆ ಬಿಳುಪು ಕೊಟ್ಟಿದ್ದರು, ಹೆಗಲಿಗೆ ಜರಿಯಂಚಿನ ಶಾಲು ಹೊದೆಸಿದ್ದರು. ಬದುಕಿದ್ದಾಗ ಅವನ ಹೆಗಲಲ್ಲಿ ಇದ್ದದ್ದು ಕುಂಚ ಒರೆಸುವ ಒಂದು ಬೈರಾಸು, ಅದರಲ್ಲಿ ಸೀಮೆಎಣ್ಣೆಯ ವಾಸನೆ. ಮುಖದ ಕೆಳಗೆ ‘ಕಡಲತಡಿಯ ದಾರ್ಶನಿಕ ಕವಿ, ಚಿತ್ರಕಾರ’ ಎಂದಿತ್ತು. ಅದರ ಪಕ್ಕ, ಅವನಿಗಿಂತ ದೊಡ್ಡದಾಗಿ, ಸ್ಮರಣ ಸಮಿತಿಯ ಅಧ್ಯಕ್ಷರು ಕೈಮುಗಿದು ನಿಂತಿದ್ದರು. ಕೆಳಗಿನ ಸಾಲಿನಲ್ಲಿ ಬೆರಳಿನಷ್ಟು ಉದ್ದಕ್ಕೆ ನಾನೂ ಇದ್ದೆ, ಸಲಹೆಗಾರ ಎಂದು. ಅಲ್ಲಿ ನಾನಿರುವುದು ನನಗೇ ಹಿಡಿಸಲಿಲ್ಲ. ತೆಗೆಸಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಅವನು ಉಳ್ಳಾಲದಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದ, ಪೇಟೆಯಲ್ಲಿ ಅಂಗಡಿಗಳಿಗೆ ಬೋರ್ಡು. ಉಳಿದ ಹೊತ್ತು ಅವನಿಗೆ ಏನೇನೋ ಕಾಣುತ್ತಿತ್ತು. ಆಸ್ಪತ್ರೆಯ ನೀರಿನ ಟಾಂಕಿಯ ಮೇಲೆ ಸಾಲಾಗಿ ಕುಳಿತ ರೆಕ್ಕೆಯ ಮನುಷ್ಯರು. ತಳದಿಂದ ಬೆಂಕಿ ಹತ್ತಿಕೊಂಡ ಹೊಳೆ. ಅದನ್ನು ಈಗ ಭಾಷಣಗಳಲ್ಲಿ ದರ್ಶನ ಎನ್ನುತ್ತಾರೆ. ಆಗ ಇವರೇ ‘ಮರ್ಲ್’ ಅನ್ನುತ್ತಿದ್ದರು, ಹುಚ್ಚು ಎಂದು. ಅಧ್ಯಕ್ಷರ ಹೋಟೆಲಿನ ಜಗಲಿಯಿಂದ ಅವನನ್ನು ಎಬ್ಬಿಸಿ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೇನು ಕಡಿಮೆ? ಪತ್ರಿಕೆಯ ಒಂದು ಅಂಕಣದಲ್ಲಿ ಅವನ ಬಗ್ಗೆ ಅದೇ ಮಾತನ್ನು ಸ್ವಲ್ಪ ಮರ್ಯಾದೆಯ ಕನ್ನಡದಲ್ಲಿ ಬರೆದಿದ್ದೆ. ಓದಿ ನಕ್ಕವರೇ ಹೆಚ್ಚು.

ಅವನು ಕೆಲಸ ಮಾಡುತ್ತಿದ್ದದ್ದು ಹಳೆಯ ಕ್ಯಾಲೆಂಡರಿನ ಹಾಳೆಗಳ ಮೇಲೆ. ಖಾಲಿ ಬದಿಯಲ್ಲಿ ನೀರುನೀರಾದ ಬಣ್ಣದಲ್ಲಿ ಚಿತ್ರ. ತಾರೀಖುಗಳಿರುವ ಬದಿಯಲ್ಲಿ ಪದ್ಯ, ಒಂದೊಂದು ಚೌಕದೊಳಗೆ ಒಂದೊಂದು ತುಂಡು ಮಾತು. ಕೆಂಪು ತಾರೀಖುಗಳ ಚೌಕ ಖಾಲಿ. ಹಾಳೆಯನ್ನು ಬೆಳಕಿಗೆ ಹಿಡಿದರೆ ಹಿಂದಿನ ಚಿತ್ರ ಮಾತುಗಳ ನಡುವೆ ಎದ್ದು ಬರುತ್ತಿತ್ತು. ಎರಡನ್ನೂ ಒಟ್ಟಿಗೆ ಓದಬೇಕು. ಬೇರೆ ದಾರಿ ಇಲ್ಲ.

ಒಮ್ಮೆ ನನಗೆ ತೋರಿಸಿದ. ಕುಲಶೇಖರದ ಅವನ ಕೋಣೆಯ ಕಿಟಕಿ, ಮಧ್ಯಾಹ್ನ. ಅಲ್ಲ, ಮಧ್ಯಾಹ್ನ ಎಂಬುದು ನನಗೆ ಗೊತ್ತಿಲ್ಲ. ಈ ವಾಕ್ಯಕ್ಕೆ ಬೆಳಕು ಬೇಕಿತ್ತು, ಹಾಗಾಗಿ ಮಧ್ಯಾಹ್ನ ಮಾಡಿದೆ. ಕಿಟಕಿ ಇದ್ದದ್ದು ನಿಜ. ಅವನು ಹೇಳಿದ ಮಾತೂ ನಿಜ: “ಅಷ್ಟು ಹತ್ತಿರ ಬರಬೇಡ ಮಾರಾಯ, ನಿನ್ನ ಮೂಗಿನ ನೆರಳು ನನ್ನ ಹೊಳೆಗೆ ಬೀಳ್ತದೆ.” ಪದ್ಯದಲ್ಲಿ ಹೊಳೆ ಇತ್ತು, ದೋಣಿ ಇತ್ತು, ತಾಯಿ ಇದ್ದಳು. ಇಷ್ಟೇ ನನ್ನ ಬಳಿ ಉಳಿದದ್ದು.

ಅವನು ಸತ್ತ ಕೆಲವು ವರ್ಷಗಳ ಮೇಲೆ ಹೊರ ಊರಿನ ಯಾರೋ ಒಬ್ಬರು ಜಾಲತಾಣದಲ್ಲಿ ಅವನ ಒಂದು ಚಿತ್ರದ ಫೋಟೋ ಹಾಕಿ ಹೊಗಳಿದರು. ತಿಂಗಳೊಳಗೆ ಇಲ್ಲಿ ಸಮಿತಿ ಹುಟ್ಟಿತು. ಅವನ ಅಕ್ಕ, ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು, ಹಾಳೆಗಳ ಕಟ್ಟನ್ನು ನಂಬಿ ಕೊಟ್ಟರು. ಸಮಿತಿಯವರು ಅದನ್ನು ಬಡಗಿಯ ಕೈಗೆ ಕೊಟ್ಟರು. ನಮ್ಮ ಊರಿನ ಹವೆಗೆ ಕಾಗದ ಸುರುಳಿ ಸುತ್ತುತ್ತದೆ, ಬೂಸಲು ಹಿಡಿಯುತ್ತದೆ. ಬಡಗಿ ಪ್ರತಿಯೊಂದು ಹಾಳೆಯ ತಾರೀಖಿನ ಬದಿಗೆ ಮರದ ಬಿಳಿ ಅಂಟು ಬಳಿದು, ಪ್ಲೈವುಡ್ಡಿಗೆ ಒತ್ತಿ, ಗಾಜು ಹಾಕಿ, ಅಚ್ಚುಕಟ್ಟಾಗಿ ಫ್ರೇಮು ಮಾಡಿದ.

ನಾನು ನೋಡುವಾಗ ಸಮಿತಿಯ ಕೋಣೆಯ ಒಂದು ಗೋಡೆ ತುಂಬಿತ್ತು.

“ಹಿಂದುಗಡೆ ಪದ್ಯ ಇತ್ತಲ್ಲ?” ಎಂದೆ.

“ಹಿಂದೆ ಎಂತ ಪದ್ಯ ಸರ್?” ಅಂದರು ಅಧ್ಯಕ್ಷರು. “ಬರೀ ಕ್ಯಾಲೆಂಡರ್. ಎಂತದೋ ಗೀಚಿದ್ದಿತ್ತು. ಗ್ಯಾಸ್ ಬಂದದ್ದು, ಹಾಲಿನವ ಬಾರದ್ದು. ನಮ್ಮ ಮನೆಯಲ್ಲಿ ಹೆಂಗಸರು ಬರೆಯುವುದಿಲ್ವಾ?”

ಬರೆಯುತ್ತಾರೆ. ಎಲ್ಲರ ಮನೆಯಲ್ಲೂ ಬರೆಯುತ್ತಾರೆ. ಅದಕ್ಕೇ ಆ ಬರಹವನ್ನು ಬಡಗಿಯೂ ಓದಲಿಲ್ಲ, ಅಧ್ಯಕ್ಷರೂ ಓದಲಿಲ್ಲ. ನಾನು ವಿವರಿಸಿದ ಮೇಲೆ ಒಂದು ಹಾಳೆಯ ಮೂಲೆಯನ್ನು ಬ್ಲೇಡಿನಲ್ಲಿ ಎಬ್ಬಿಸಿ ನೋಡಿದರು. ಕಾಗದ ಚೂರುಚೂರಾಗಿ ಬಂತು, ಹಸಿ ಹಿಟ್ಟಿನ ಹಾಗೆ. ಯಾರೋ ಅದನ್ನು ಬೆರಳಿನಲ್ಲಿ ಉಂಡೆ ಮಾಡಿ ಕಿಟಕಿಯಿಂದ ಎಸೆದರು.

“ಆದದ್ದು ಆಯ್ತು. ನಿಮಗೆ ನೆನಪು ಉಂಟಲ್ಲ ಮಾರಾಯ್ರೇ?” ಅಧ್ಯಕ್ಷರು ನನ್ನ ಮೊಣಕೈ ಹಿಡಿದರು. “ನೀವು ಹೇಳಿ, ನಾವು ಬರೆಸುವ.”

ಹೇಳಿದೆ. ಚಹಾ ಆರುವ ಮೊದಲೇ ಎಂಟು ಸಾಲು ಹೇಳಿ ಮುಗಿಸಿದ್ದೆ. ‘ತಾಯಿ ಹೊಳೆಯೇ, ನಿನ್ನ ಮಡಿಲಲಿ ನನ್ನ ದೋಣಿಯು ತೇಲಲಿ’ ಎಂದು ಆರಂಭ. ನೆನಪು ಅಷ್ಟು ನುಣ್ಣಗೆ, ಪ್ರಾಸ ಕಟ್ಟಿಕೊಂಡು ಬರುವುದಿಲ್ಲ ಎಂದು ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದವನು. ಸಮಿತಿಯವರ ಕಣ್ಣು ಒದ್ದೆಯಾಯಿತು. ಮರುವಾರ ಆ ಸಾಲು ಸ್ಮರಣೆಯ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿತ್ತು. ಆಮೇಲೆ ಒಬ್ಬರು ರಾಗ ಹಾಕಿದರು. ಶಾಲೆಯ ಹುಡುಗಿಯರು ಅಭ್ಯಾಸಕ್ಕೆ ಬರತೊಡಗಿದರು.

ಒಂದೇ ಒಂದು ಹಾಳೆ ಅಂಟಿನಿಂದ ಉಳಿದಿತ್ತು. ಅದು ಕುಲಶೇಖರದಲ್ಲಿ ಅಕ್ಕನ ಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕಾರಣ ಕಟ್ಟಿನೊಳಗೆ ಸೇರಿರಲಿಲ್ಲ. ಸಮಿತಿಗೆ ಅದು ಬೇಕಿತ್ತು, ಗೋಡೆಯಲ್ಲಿ ಒಂದು ಜಾಗ ಖಾಲಿ ಕಾಣುತ್ತಿತ್ತಂತೆ. ಅಕ್ಕ ಕೊಡಲು ಒಪ್ಪಲಿಲ್ಲ. ಅವರಿಗೆ ನನ್ನ ಮೇಲೆ ನಂಬಿಕೆ ಉಂಟು ಎಂದು ಸಮಿತಿಯವರು ನನ್ನನ್ನೇ ಕಳುಹಿಸಿದರು. ನಾನು ಹೋಗಲು ಒಪ್ಪಿದ ಕಾರಣ ಬೇರೆ. ನನಗೆ ಅವನು ಕಿಟಕಿಯಲ್ಲಿ ತೋರಿಸಿದ್ದು ಆ ಹಾಳೆಯೇ ಇರಬಹುದು ಎಂಬ ಅನುಮಾನವಿತ್ತು. ಅದೂ ಪ್ಲೈವುಡ್ಡಿಗೆ ಅಂಟಿದರೆ ನನ್ನ ಎಂಟು ಸಾಲಿಗೆ ಎದುರು ಹೇಳುವುದು ಭೂಮಿಯ ಮೇಲೆ ಏನೂ ಉಳಿಯುತ್ತಿರಲಿಲ್ಲ. ಈ ಯೋಚನೆ ಕುಲಶೇಖರದ ಬಸ್ಸಿನಲ್ಲಿ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಅದನ್ನು ಮನೆಯಿಂದಲೇ ತೆಗೆದುಕೊಂಡು ಹೊರಟಿದ್ದೆ.

ಅಕ್ಕ ಬಾಗಿಲು ತೆಗೆದವರೇ, “ಆ ಅಂಟಿನವರು ಕಳಿಸಿದ್ದಾ ಸರ್ ನಿಮ್ಮನ್ನು?” ಎಂದು ಕೇಳಿದರು.

“ಹೌದು.”

“ಒಳ್ಳೇದಾಯ್ತು. ಚಪ್ಪಲಿ ಒಳಗೆ ಇಡಿ, ನಾಯಿ ಕಚ್ಕೊಂಡು ಹೋಗ್ತದೆ. ಅವ್ರ ಚಪ್ಪಲಿಯಾದರೆ ಹೋಗಲಿ ಅಂತ ಬಿಡ್ತಿದ್ದೆ.”

ಹಾಳೆಯನ್ನು ಮೊಳೆಯಿಂದ ತೆಗೆದು ಅವರೇ ಕಿಟಕಿಗೆ ಹಿಡಿದರು, ಡ್ರಿಪ್ಪಿನ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವವರ ಹಾಗೆ. ಓದಿದೆ. ಹೊಳೆ ಬಾಯಿ ತೆರೆದಿದೆ. ಅದರ ಹಲ್ಲಿನ ಸಂದಿಯಲ್ಲಿ ಮೀನಿನ ಕರುಳು. ದೋಣಿಯ ಮೂತಿಯಲ್ಲಿ ಕುಳಿತ ದೇವದೂತ ನೀರಿಗೆ ಉಚ್ಚೆ ಹೊಯ್ಯುತ್ತಿದ್ದಾನೆ. ಅಮ್ಮ ಕರೆಯುತ್ತಾಳೆ. ಒಂದು ಖಾಲಿ ಚೌಕ. ನಾನು ಬರುವುದಿಲ್ಲ. ಮತ್ತೊಂದು ಖಾಲಿ ಚೌಕ. ಬರುವುದಿಲ್ಲ. ಹಿಂದಿನಿಂದ ಅವನ ಬಣ್ಣ ಹಸಿರು ಕೀವಿನ ಹಾಗೆ ಮಾತುಗಳ ಸುತ್ತ ಒಸರುತ್ತಿತ್ತು. ಅದೇ ಹಾಳೆ. ಮಡಿಲು ಎಲ್ಲೂ ಇರಲಿಲ್ಲ. ತೇಲುವುದೂ ಇರಲಿಲ್ಲ.

“ನಮ್ಮ ಮಮ್ಮಿ ತೀರಿಹೋದ ತಿಂಗಳ ಹಾಳೆ ಇದು,” ಎಂದರು ಅಕ್ಕ. “ನನಗೆ ಇದು ಇಷ್ಟ ಇಲ್ಲ ಸರ್. ದೇವದೂತನಿಗೆ ಹಾಗೆ ಬರೀಲಿಕ್ಕುಂಟಾ? ಪ್ರತಿ ಸಲ ಓದುವಾಗ ಮೈ ಉರೀತದೆ. ಆದರೆ ಇದು ಅವನದ್ದು. ಆಮಂತ್ರಣದಲ್ಲಿ ಬಂದ ಆ ತಾಯಿ ಹೊಳೆ ಯಾರದ್ದು?”

ನಾನು ಹಾಳೆಯ ಖಾಲಿ ಚೌಕಗಳನ್ನೇ ನೋಡಿದೆ.

“ಅವನು ಮಮ್ಮಿಯನ್ನು ಹಾಗೆ ಕರೆದವನೇ ಅಲ್ಲ. ಜಗಳ ಮಾಡಿಯೇ ಕರೀತಿದ್ದ.”

“ನನ್ನದು,” ಎಂದೆ. “ನೆನಪಿದೆ ಅಂದುಕೊಂಡಿದ್ದೆ.” ಎರಡನೆಯ ವಾಕ್ಯ ಬೇಕಿರಲಿಲ್ಲ.

ಅವರು ಸಿಟ್ಟಾಗಲಿಲ್ಲ. ಒಳಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತಂದು ಮೇಜಿನ ಮೇಲಿಟ್ಟರು. “ಬರೆದು ಸಹಿ ಹಾಕಿ. ವಾರ್ಡಿನಲ್ಲಿ ನಾವು ಹಾಗೆಯೇ ಮಾಡುದು. ತಪ್ಪು ಇಂಜೆಕ್ಷನ್ ಕೊಟ್ಟರೆ ಕೊಟ್ಟವರೇ ಬರೀಬೇಕು.”

ಬರೆದೆ. ಆ ಎಂಟು ಸಾಲು ಅವನವಲ್ಲ, ನನ್ನವು ಎಂದು. ಬರೆಯುವಾಗ ಒಂದು ಪದ ಹೊಡೆದು ಇನ್ನೂ ಚಂದದ ಪದ ಹಾಕಿದೆ. ಆ ಸ್ಥಿತಿಯಲ್ಲೂ ಕೈಗೆ ಅದು ಬೇಕಿತ್ತು. ನನ್ನ ಕೈಯನ್ನೇ ನೋಡಲು ಹೇಸಿಗೆಯಾಯಿತು. ಸಹಿ ಹಾಕಿ ಕೊಟ್ಟು, “ಭಾನುವಾರದ ಕಾರ್ಯಕ್ರಮ ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ,” ಎಂದೆ.

ಅವರು ಕಾಗದ ಮಡಚುತ್ತಾ ನನ್ನನ್ನು ನೋಡಿದರು. “ಇದು ಅವರ ಅಂಟಿಗಿಂತ ಗಟ್ಟಿ ಉಂಟು ಸರ್,” ಎಂದರು.

ಭಾನುವಾರ ಅವರು ಸಭಾಂಗಣಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ವೇದಿಕೆಗೆ ಕರೆದರೆ ಹತ್ತಲಿಲ್ಲ. ಕೆಳಗೇ ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿ ಇಟ್ಟುಕೊಂಡು ಶಾಲನ್ನು ಪಕ್ಕದ ಕುರ್ಚಿಗೆ ಹಾಕಿದರು. ಹುಡುಗಿಯರು ‘ತಾಯಿ ಹೊಳೆಯೇ’ ಹಾಡಿದರು. ಹಿಂದೆ ಕುಳಿತವರು ಮೊಬೈಲಿನ ದೀಪ ಹಚ್ಚಿ ತೂಗಾಡಿಸಿದರು. ಅಧ್ಯಕ್ಷರು ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡರು. ಅಕ್ಕ ಹಾಡಿನ ಉದ್ದಕ್ಕೂ ನನ್ನನ್ನೇ ನೋಡುತ್ತಿದ್ದರು. ಮುಗಿದಾಗ ನಾನು ಚಪ್ಪಾಳೆ ತಟ್ಟಿದೆ.

ಇಳಿದು ಬಂದ ಅಧ್ಯಕ್ಷರು ಅಕ್ಕನನ್ನು ಮತ್ತೆ ಕೇಳಿದರು, “ಆ ಒಂದು ಪಿಕ್ಚರ್ ಕೊಟ್ಟರೆ ನಮ್ಮ ಸೆಟ್ ಪೂರ್ತಿ ಆಗ್ತದೆ ಬಾಯಮ್ಮ. ಚಂದದ ಫ್ರೇಮು ಹಾಕಿ ಇಡ್ತೇವೆ.”

“ಅದಕ್ಕೆ ನನ್ನ ಗೋಡೆ ಉಂಟು. ನೋಡ್ಲಿಕ್ಕೆ ಯಾರು ಬೇಕಾದರೂ ಬನ್ನಿ. ಕೈ ಹಾಕಬೇಡಿ.” ನನ್ನ ಕಡೆಗೆ ತಿರುಗಿ, “ನೀವು ಕೂಡ,” ಎಂದರು.

ನಾನು ಸಹಿ ಹಾಕಿದ ಆ ಕಾಗದವನ್ನು ಅಕ್ಕ ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ. ಆ ಹಾಡು ಮಾತ್ರ ನಿಂತಿಲ್ಲ. ಈಗ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಅವನ ಹೆಸರಿನಲ್ಲಿ ಹಾಡುತ್ತಾರೆ, ಇಷ್ಟು ಸರಳ ಕವಿ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಅಕ್ಕ ಆ ಕಾಗದ ತೋರಿಸಿಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅದು ಗೊತ್ತಿದ್ದೇ ಅವರು ತೋರಿಸುತ್ತಿಲ್ಲ ಎಂದು ಕಾಣುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಈ ಸಲ ಯಾವ ಪದವನ್ನೂ ಹೊಡೆಯದೆ: ಆ ಎಂಟು ಸಾಲು ನನ್ನವು. ಅವನ ಮಾತು ಕುಲಶೇಖರದ ಒಂದು ಮನೆಯ ಮೊಳೆಯಲ್ಲಿದೆ, ಅದರಲ್ಲಿ ಅವನು ಬರುವುದಿಲ್ಲ ಎಂದಿದ್ದಾನೆ.