ಬೈಬಲ್ ಕಾಲ ಮುಗಿದ ವರ್ಷ

ಮೊನ್ನೆ ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರು ಟ್ರಾಕ್ಟರಿನಿಂದ ಒಂದು ಜೋಳದ ತೆನೆ ಜಾರಿ ಬಿತ್ತು. ಯಾರೂ ಬಗ್ಗಲಿಲ್ಲ. ನಾನೇ ಎತ್ತಿ ಮೂಸಿದೆ. ಆ ಒಣ ಧೂಳಿನ ವಾಸನೆಗೆ ಪಕ್ಕದ ಮನೆಯ ಅಕ್ಕೋರು ನೆನಪಾದರು...

ಎಂಬತ್ತರ ದಶಕದ ಆರಂಭ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಅಕ್ಕೋರು ಪ್ರಾಥಮಿಕ ಶಾಲೆಯ ಟೀಚರು. ಭಾನುವಾರ ಬಿಳಿ ಸೀರೆಯುಟ್ಟು ಚರ್ಚಿಗೆ ಹೋಗುತ್ತಿದ್ದರು, ಉಳಿದ ದಿನ ನಮ್ಮ ಮನೆಯ ಪಲ್ಲೆಗೆ ಅವರ ರೊಟ್ಟಿ. ಓಣಿಯವರು ಅವರನ್ನು ಕಾಡಿಸಲು ಹಳೆಯದಕ್ಕೆಲ್ಲ ‘ಬೈಬಲ್ ಕಾಲದ್ದು’ ಎನ್ನುತ್ತಿದ್ದರು. ತುಕ್ಕು ಹಿಡಿದ ಸೈಕಲ್ಲೂ ಬೈಬಲ್ ಕಾಲದ್ದೇ! ಇತಿಹಾಸದವಳಾದ ನನಗೆ ಆ ಕಾಲದ ಇಸವಿ ಬೇಕಿತ್ತು. ಕೇಳಿದರೆ ಅವರು ನೆಟ್ಟಗೆ ಹೇಳುತ್ತಿರಲಿಲ್ಲ.

“ಡೇರೆ ಹಾಕ್ಕೊಂಡು ಕುರಿ ಕಾಯೋರದು ಒಂದು ಕಾಲ, ರಾಜರದು ಒಂದು, ಯೇಸುಸ್ವಾಮೀದು ಇನ್ನೊಂದು. ನಡುವ ನೂರಾರು ವರ್ಷ ಹೋಗ್ಯಾವ. ನಿನಗ ಯಾವುದು ಬೇಕವ್ವಾ?”

ನನಗೆ ರೇಗುತ್ತಿತ್ತು. ಎಲ್ಲ ಒಂದೇ ಪುಸ್ತಕದಲ್ಲಿರುವಾಗ ಕಾಲ ಮಾತ್ರ ಒಂದಾಗಬಾರದೇ?

ಸುಗ್ಗಿಗೆ ನಿಂಬರ್ಗಾದ ನಮ್ಮ ಹೊಲಕ್ಕೆ ಅವರೂ ಬರುತ್ತಿದ್ದರು. ನಾವು ಕೊಯ್ದು ಮುಂದೆ ಸರಿದ ಕಡೆ ಬಡ ಹೆಣ್ಣುಮಕ್ಕಳು ಬಿದ್ದ ತೆನೆ ಆರಿಸಲು ಇಳಿಯುತ್ತಿದ್ದರು. ಹಕ್ಕಲು ಎನ್ನುತ್ತೇವೆ. ಅವರ ಬೇಸಿಗೆಯ ರೊಟ್ಟಿ ಅದರಿಂದಲೇ. ಆ ವರ್ಷ ನಮ್ಮಣ್ಣ ಆ ಹೆಣ್ಣುಮಕ್ಕಳನ್ನು ಬದುವಿನಲ್ಲೇ ತಡೆದ. ನಿಂತ ತೆನೆಗೂ ಕೈಹಾಕುತ್ತಾರೆಂದು ಅವನ ದೂರು.

“ಬಿದ್ದದ್ದು ಬಡವರಿಗೆ ಬಿಡಬೇಕಂತ ನಮ್ಮ ಬೈಬಲ್‌ದಾಗ ಕಟ್ಟಳೆ ಅದ ತಮ್ಮಾ. ನಿಮ್ಮಪ್ಪನೋರೂ ಬಿಡ್ತಿದ್ರು,” ಎಂದರು ಅಕ್ಕೋರು.

“ಬೈಬಲ್ ಕಾಲದ ಮಾತು ಈಗ್ಯಾಕ್ರಿ ಅಕ್ಕೋರೆ?” ಅಣ್ಣ ನಕ್ಕ.

“ಹೋದ ವರ್ಷದ ತನಕ ನಿಮ್ಮ ಹೊಲದಾಗೇ ಇತ್ತಲ್ಲೋ ಆ ಕಾಲ!”

ಹೆಣ್ಣುಮಕ್ಕಳು ಖಾಲಿ ಬುಟ್ಟಿ ಹೊತ್ತು ತಿರುಗಿದರು. ಅಕ್ಕೋರು ನಮ್ಮ ಬುತ್ತಿ ಮುಟ್ಟದೆ ಅವರ ಜೊತೆಗೇ ನಡೆದುಬಿಟ್ಟರು. ಮುಂದಿನ ಸುಗ್ಗಿಗೆ ಎಷ್ಟು ಕರೆದರೂ ಬರಲಿಲ್ಲ. ಆಮೇಲೆ ಜೇವರ್ಗಿಗೆ ವರ್ಗವಾಯಿತು... ಅಲ್ಲೇ ತೀರಿಕೊಂಡರಂತೆ.

ಅಣ್ಣ ಹಾಕಿಸಿದ ತಂತಿಬೇಲಿ ಇಂದಿಗೂ ಇದೆ. ಒಳಗೆ ಬಿದ್ದ ತೆನೆಗಳನ್ನು ಇಲಿಗಳು ತಿನ್ನುತ್ತವೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಅಣ್ಣನಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಬೈಬಲ್ ಕಾಲ ಶುರುವಾದ ಇಸವಿ ನನಗೆ ಇನ್ನೂ ಸಿಕ್ಕಿಲ್ಲ. ನಮ್ಮ ಹೊಲದಲ್ಲಿ ಅದು ಮುಗಿದ ವರ್ಷ ಮಾತ್ರ ಗೊತ್ತು. ಹೇಳೋಣವೆಂದರೆ ಅಕ್ಕೋರಿಲ್ಲ.