ಪಂಪ್‌ಹೌಸಿನ ದಾರಿಗೆ ಹಾಸಿದ ಕೌದಿಗಳು

ಕೃಷ್ಣಾ ದಂಡೆಯ ನಮ್ಮ ಓಣಿಯವರ ಹೊಟ್ಟೆಪಾಡು ನಡೆಯುತ್ತಿದ್ದದ್ದು ಸಕ್ಕರೆ ಕಾರ್ಖಾನೆಯಿಂದ. ಎಂಬತ್ತರ ದಶಕದಲ್ಲಿ ಅಲ್ಲಿ ಮುಷ್ಕರ, ಬೀಗಮುದ್ರೆ, ಗೇಟಿನ ಮುಂದೆ ಕಲ್ಲುತೂರಾಟ ಎಲ್ಲವನ್ನೂ ನೋಡಿದ್ದೇನೆ. ಆ ಚರಿತ್ರೆಯನ್ನು ಗಂಡಸರು ಭಾಷಣದಲ್ಲಿ ಹೇಳುತ್ತಾರೆ, ಹೇಳಲಿ. ಗೆಲ್ಲಿಸಿದ್ದು ಮಾತ್ರ ಕೌದಿ ಒಗೆದ ನಾವು ಹೆಂಗಸರು.

ಅದು ನಡೆದ ವರ್ಷ ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ. ಮುಷ್ಕರ ಮಾಡಿದರೆಂದು ನನ್ನ ಗಂಡನೂ ಸೇರಿ ಬಾಯ್ಲರ್ ಮನೆಯವರನ್ನೆಲ್ಲ ಕೆಲಸದಿಂದ ತೆಗೆದರು. ಅವರಿಲ್ಲದೆಯೇ ಕಬ್ಬು ಅರೆಯುವ ಹಂಗಾಮು ಶುರು ಮಾಡುತ್ತೇನೆಂದು ಮ್ಯಾನೇಜರ್ ಹಟ ಹಿಡಿದ. ಬಾಯ್ಲರಿಗೆ ನೀರು ಬರುವುದು ಹೊಳೆದಂಡೆಯ ಪಂಪ್‌ಹೌಸಿನಿಂದ. ಅದನ್ನು ನಡೆಸಲು ಗುತ್ತಿಗೆದಾರ ಹೊರಗಿನವನೊಬ್ಬನನ್ನು ಕರೆಸುತ್ತಿದ್ದಾನೆಂದು ಸುದ್ದಿ ಬಂತು. ಪಂಪು ಶುರುವಾದರೆ ನನ್ನ ಗಂಡನ ಕೆಲಸ ಶಾಶ್ವತವಾಗಿ ಹೋದಂತೆಯೇ.

ನವರಾತ್ರಿಗೆ ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ಪದ್ಧತಿ. ಆ ಸಲ ಒಗೆದ ಕೌದಿಗಳನ್ನು ಪಂಪ್‌ಹೌಸಿಗೆ ಇಳಿಯುವ ಇಕ್ಕಟ್ಟು ದಾರಿಯುದ್ದಕ್ಕೂ ಒಣಹಾಕಿದೆವು. ತಾಯಿ, ಅಜ್ಜಿಯರ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಯಾರು ತುಳಿದಾರು? ಮ್ಯಾನೇಜರ್ ಕೂಗಾಡಿದ. ಅವನ ಕಾವಲುಗಾರರು ಮುಂದಕ್ಕೆ ಹೆಜ್ಜೆ ಇಡಲಿಲ್ಲ.

"ಹಬ್ಬದ ಅರಬಿ ಅದಾವ್ರಿ ಸಾಹೇಬ್ರ. ಒಣಗಿದ ಮ್ಯಾಲ ತಗೀತೇವ್ರಿ," ಎಂದಳು ನಮ್ಮಲ್ಲಿನ ಹಿರಿಯಳೊಬ್ಬಳು.

ಅಷ್ಟರಲ್ಲಿ ಗುತ್ತಿಗೆದಾರನ ಹಿಂದೆ ಪಂಪಿನವನು ಬಂದ. ನೋಡಿದರೆ ನನ್ನ ತವರೂರು ಮುಗಳಖೋಡದಲ್ಲಿರುವ ಒಡಹುಟ್ಟಿದ ಅಣ್ಣ. ಸಿಟ್ಟು ನೆತ್ತಿಗೇರಿತು.

"ದಾರಿ ಬಿಡು ತಂಗಿ. ನನಗೂ ಮಕ್ಕಳದಾವ," ಎಂದ.

"ತುಳದ ಹೋಗು. ಮೊದಲನೇದು ಅವ್ವನ ಸೀರೀದ ಐತಿ," ಎಂದೆ.

ಅವ್ವ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಅಣ್ಣ ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ದಾಟಿಬಿಡುತ್ತಾನೆ ಎಂದುಕೊಂಡೆ. ಅವನು ಕುಕ್ಕರಗಾಲಲ್ಲಿ ಕೂತು ಆ ಸೀರೆಯ ಸೆರಗಿನ ಮೇಲೆ ಕೈಯಾಡಿಸಿದ. ಆಮೇಲೆ ಎದ್ದು ಗುತ್ತಿಗೆದಾರನಿಗೆ, "ನನ್ನ ಕೈಲೆ ಆಗೂದಿಲ್ರೀ," ಎಂದು ಹೇಳಿ ಬಂದ ದಾರಿ ಹಿಡಿದ.

ಬೇರೆ ಪಂಪಿನವನು ಸಿಗಲಿಲ್ಲ. ಕಬ್ಬು ಕಡಿಯುವ ಕಾಲ ಮೀರತೊಡಗಿದಾಗ ರೈತರೂ ಗೇಟಿಗೆ ಬಂದು ಕೂತರು. ಮ್ಯಾನೇಜರ್ ಮಣಿದು, ತೆಗೆದವರನ್ನೆಲ್ಲ ಮತ್ತೆ ಸೇರಿಸಿಕೊಂಡ. ಅಣ್ಣನನ್ನು ಮಾತ್ರ ಆ ಗುತ್ತಿಗೆದಾರ ಮತ್ತೆಂದೂ ಕರೆಯಲಿಲ್ಲ.

ದೀಪಾವಳಿಯ ಭಾವುಬೀಜದ ದಿನ ಅಣ್ಣ ಬಂದ. ಅಂದು ಅಕ್ಕತಂಗಿಯರು ಆರತಿ ಬೆಳಗುತ್ತಾರೆ, ಅಣ್ಣತಮ್ಮಂದಿರು ತಟ್ಟೆಗೆ ಕಾಣಿಕೆ ಹಾಕುತ್ತಾರೆ. ನಾನು ಬೆಳಗಿದೆ. ಅವನು ತಲೆ ತಗ್ಗಿಸಿ, "ಈ ಸಲ ತಾಟಿನಾಗ ಹಾಕಾಕ ಏನೂ ತಂದಿಲ್ಲ," ಎಂದ.

ಒಳಗೆ ನನ್ನ ಗಂಡ ಪಾಳಿಗೆ ಹೊರಡಲು ಅಂಗಿ ತೊಡುತ್ತಿದ್ದ. ಅವನತ್ತ ಕೈ ತೋರಿಸಿದೆ.

"ಈ ಸಲದ್ದು ನೀ ಅವತ್ತ ಹಾಕೀದಿ, ಯಣ್ಣಾ."